ತಾಮ್ರದ ಚೊಂಬು, ಲಿಥಿಯಂ ಮಾತ್ರೆ ಮತ್ತು ಆಕಾರವಿಲ್ಲದ ಪ್ರೋಟೀನುಗಳು

2025ರ ಆಗಸ್ಟ್‌ನಲ್ಲಿ ಬಂದ ಸುದ್ದಿ ಇದು. ಆಲ್ಝೈಮರ್ ಕಾಯಿಲೆಯ ಹೊಸ್ತಿಲಲ್ಲಿರುವವರ ಮೆದುಳಿನಲ್ಲಿ ಲಿಥಿಯಂ ಕಡಿಮೆ ಇರುತ್ತದಂತೆ. ಹಾರ್ವರ್ಡ್ ವೈದ್ಯಕೀಯ ಶಾಲೆಯ ಬ್ರೂಸ್ ಯಾಂಕ್ನರ್ ಅವರ ತಂಡ ತೀರಿಹೋದವರ ಮೆದುಳಿನ ಚೂರುಗಳಲ್ಲಿ 27 ಲೋಹಗಳನ್ನು ಅಳೆದು 'ನೇಚರ್' ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿತು. ಮರೆವು ಈಗಷ್ಟೇ ಶುರುವಾದ ಹಂತದಲ್ಲೂ ಎದ್ದು ಕಾಣುವಷ್ಟು ಇಳಿದಿದ್ದದ್ದು ಲಿಥಿಯಂ ಒಂದೇ. ಇಲಿಗಳಿಗೆ ಲಿಥಿಯಂ ಒರೊಟೇಟ್ ಎಂಬ ಲವಣ ಕೊಟ್ಟಾಗ ಅವುಗಳ ನೆನಪು ಸುಧಾರಿಸಿತು.

ಸುದ್ದಿ ಇಷ್ಟೇ ಆಗಿದ್ದರೆ ಗೊಂದಲ ಆಗುತ್ತಿರಲಿಲ್ಲ. ಆದರೆ ಲೋಹಗಳ ಬಗ್ಗೆ ನಮ್ಮ ಫೋನುಗಳಿಗೆ ಮೊದಲೇ ಬೇಕಾದಷ್ಟು ಬುದ್ಧಿವಾದ ಬಂದು ಬಿದ್ದಿದೆ. ಅಲ್ಯೂಮಿನಿಯಂ ಪಾತ್ರೆ ಬಿಸಾಕಿ, ಮರೆವು ಬರುತ್ತೆ. ತಾಮ್ರದ ಚೊಂಬಿನಲ್ಲಿ ನೀರಿಟ್ಟು ಕುಡಿಯಿರಿ, ಬುದ್ಧಿ ಚುರುಕಾಗುತ್ತೆ. ಕಬ್ಬಿಣ ಜಾಸ್ತಿಯಾದರೆ ಪಾರ್ಕಿನ್ಸನ್. ಜಿಂಕ್ ಮಾತ್ರೆ ಎಲ್ಲದಕ್ಕೂ ಒಳ್ಳೇದು. ಈಗ ಇದರ ಜೊತೆಗೆ ಲಿಥಿಯಂ. ಹಾಗಾದರೆ ಲೋಹಗಳು ಮೆದುಳಿಗೆ ಒಳ್ಳೆಯವೋ ಕೆಟ್ಟವೋ?

ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಲೋಹ, ಎಷ್ಟು, ಎಲ್ಲಿ ಅಂತ ಬಿಡಿಬಿಡಿಯಾಗಿ ಕೇಳಬೇಕು. ಅದು ಯಾಕೆ ಅಂತ ತಿಳಿಯಲು, ಲೋಹ ಹೋಗಿ ಅಂಟಿಕೊಳ್ಳುವ ಪ್ರೋಟೀನುಗಳ ಸ್ವಭಾವ ಮೊದಲು ಗೊತ್ತಾಗಬೇಕು. ಅವು ಸ್ವಲ್ಪ ವಿಚಿತ್ರ ಜಾತಿಯವು.

ಬೀಗ–ಕೀಲಿ ಕಥೆಗೆ ಹೊಂದದವು

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಈ ಸರ ತನ್ನಷ್ಟಕ್ಕೆ ಮಡಿಚಿಕೊಂಡು ಒಂದು ಗಟ್ಟಿ ಆಕಾರಕ್ಕೆ ಬರುತ್ತದೆ, ಆ ಆಕಾರವೇ ಅದರ ಕೆಲಸವನ್ನು ತೀರ್ಮಾನಿಸುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಕೀಲಿ ಬೀಗಕ್ಕೆ ಹೊಂದುವಂತೆ ಇನ್ನೊಂದು ಅಣು ಆ ಆಕಾರಕ್ಕೆ ಹೊಂದುತ್ತದೆ ಎಂಬುದು 1894ರಲ್ಲಿ ಎಮಿಲ್ ಫಿಷರ್ ಕೊಟ್ಟ ಬೀಗ–ಕೀಲಿ ಹೋಲಿಕೆ. ಮಣಿಗಳ ಕ್ರಮದಲ್ಲೇ ಆಕಾರದ ಗುಟ್ಟಿದೆ ಎಂದು ತೋರಿಸಿದ ಕ್ರಿಶ್ಚಿಯನ್ ಆನ್‌ಫಿನ್ಸೆನ್ 1972ರಲ್ಲಿ ನೊಬೆಲ್ ಪಡೆದರು.

ಆದರೆ ಕೆಲವು ಪ್ರೋಟೀನುಗಳು ಎಷ್ಟು ಕಾದರೂ ಮಡಿಚಿಕೊಳ್ಳುವುದಿಲ್ಲ. ಮಳೆನೀರಿನಲ್ಲಿ ತೇಲುವ ದಾರದ ಹಾಗೆ ಕ್ಷಣಕ್ಕೊಂದು ರೂಪ. ಎಕ್ಸ್‌ರೇಯಲ್ಲಿ ನೋಡಬೇಕೆಂದರೆ ಮೊದಲು ಹರಳಾಗಬೇಕು, ಇವು ಹರಳಾಗುವುದೇ ಇಲ್ಲ. ಎಷ್ಟೋ ವರ್ಷ ಇವನ್ನು 'ಕೆಟ್ಟುಹೋದ ಸ್ಯಾಂಪಲ್' ಎಂದು ಬದಿಗಿಟ್ಟವರೂ ಇದ್ದರು. 1990ರ ದಶಕದ ಕೊನೆಯಲ್ಲಿ ಪೀಟರ್ ರೈಟ್, ಜೇನ್ ಡೈಸನ್, ಕೀತ್ ಡಂಕರ್, ವ್ಲಾದಿಮಿರ್ ಉವೆರ್ಸ್ಕಿ ಮೊದಲಾದವರು ಇದು ಕೆಟ್ಟದ್ದಲ್ಲ, ಸಹಜ ಸ್ಥಿತಿಯೇ ಎಂದು ವಾದಿಸಿದರು. ನಮ್ಮ ದೇಹದ ಪ್ರೋಟೀನುಗಳಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಇಂಥ ಉದ್ದುದ್ದ ಸಡಿಲ ತುಂಡುಗಳಿವೆ ಎಂಬುದು ಇವತ್ತಿನ ಅಂದಾಜು.

2024ರ ರಸಾಯನ ವಿಜ್ಞಾನ ನೊಬೆಲ್ ಬಂದಾಗ 'ಪ್ರೋಟೀನ್ ಆಕಾರದ ಒಗಟು ಬಿಡಿಸಿದ್ದಾಯ್ತು' ಎಂಬ ತಲೆಬರಹಗಳು ಬಂದಿದ್ದವು. ಆ ಬಹುಮಾನಕ್ಕೆ ಕಾರಣವಾದ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬರೆದ ಚಿತ್ರಗಳನ್ನು ತೆರೆದು ನೋಡಿ. ನಡುವೆ ನೀಟಾಗಿ ಮಡಿಚಿದ ನೀಲಿ ಗಂಟು, ಸುತ್ತ ಚೆಲ್ಲಾಪಿಲ್ಲಿಯಾದ ಕಿತ್ತಳೆ ಬಣ್ಣದ ಶ್ಯಾವಿಗೆ. ಕಿತ್ತಳೆ ಬಣ್ಣದ ಅರ್ಥ 'ಇಲ್ಲಿ ನನಗೆ ಭರವಸೆ ಇಲ್ಲ' ಅಂತ. ನಮ್ಮ ಕಥೆ ನಡೆಯುವುದು ಹೆಚ್ಚಾಗಿ ಆ ಶ್ಯಾವಿಗೆಯಲ್ಲಿ.

ಹಾಗಂತ ಈ ಸರಗಳು ಹೇಗೆ ಬೇಕಾದರೂ ಬಾಗಲಾರವು. ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ ಎಂದು 1963ರಲ್ಲೇ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ನಕ್ಷೆ ಬರೆದಿದ್ದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯಕ್ಕೇ ಒಂದು ವಿಭಾಗ ಕಟ್ಟಿದವರು ಅವರು. ಸಡಿಲ ಪ್ರೋಟೀನುಗಳೂ ಆ ನಕ್ಷೆಯ ಗಡಿ ದಾಟುವುದಿಲ್ಲ. ಒಳಗೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಅಷ್ಟೇ.

ಲೋಹ ಬಂದರೆ ಆಗುವುದೇನು?

ಸಡಿಲ ಪ್ರೋಟೀನುಗಳ ಮಣಿಗಳಲ್ಲಿ ವಿದ್ಯುದಾವೇಶ ಇರುವಂಥವು ಜಾಸ್ತಿ. ಒಂದೇ ಬಗೆಯ ಆವೇಶಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಾಗಾಗಿ ಸರ ಮುದುಡದೆ ಹರಡಿಕೊಂಡಿರುತ್ತದೆ. ಲೋಹದ ಅಯಾನು ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು ಧನ ಆವೇಶ ಪಡೆದ ಪರಮಾಣು. ಅದು ಋಣ ಆವೇಶದ ಮಣಿಗಳ ನಡುವೆ ಬಂದು ಕೂತರೆ ತಳ್ಳಾಟ ತಗ್ಗುತ್ತದೆ, ಸರ ಒಳಕ್ಕೆ ಮುದುಡುತ್ತದೆ.

ಇದು ಒರಟು ಲೆಕ್ಕ. ಕೆಲವು ಲೋಹಗಳು ಇನ್ನೂ ನಾಜೂಕು. ಸತುವಿಗೆ, ಅಂದರೆ ಜಿಂಕ್‌ಗೆ, ಸಾಮಾನ್ಯವಾಗಿ ನಾಲ್ಕು ಕಡೆಯಿಂದ ಹಿಡಿತ ಬೇಕು. ಹಿಸ್ಟಿಡಿನ್, ಸಿಸ್ಟೀನ್ ಎಂಬ ಮಣಿಗಳೆಂದರೆ ಅದಕ್ಕೆ ಇಷ್ಟ. ಸರದಲ್ಲಿ ದೂರದೂರ ಇರುವ ನಾಲ್ಕು ಮಣಿಗಳನ್ನು ಅದು ಒಂದೆಡೆ ಎಳೆದು ತರುತ್ತದೆ, ನಾಲ್ಕು ಚೀಲದ ಹಿಡಿಗಳನ್ನು ಒಂದೇ ಕೈಯಲ್ಲಿ ಹಿಡಿದ ಹಾಗೆ. 'ಜಿಂಕ್ ಫಿಂಗರ್' ಎಂಬ ತುಂಡುಗಳು ಹೀಗೇ ಹುಟ್ಟುತ್ತವೆ. 1985ರಲ್ಲಿ ಆರನ್ ಕ್ಲಗ್ ಅವರ ಗುಂಪು ಕಪ್ಪೆಯ ಪ್ರೋಟೀನೊಂದರಲ್ಲಿ ಇವನ್ನು ಗುರುತಿಸಿತು. ಸುಮಾರು 30 ಮಣಿಗಳ ತುಂಡು, ಸತು ಇದ್ದರೆ ಗಟ್ಟಿ ಬೆರಳು, ತೆಗೆದರೆ ಮತ್ತೆ ಸಡಿಲ ದಾರ. ಡಿಎನ್‌ಎ ಹಿಡಿಯುವ ನೂರಾರು ಪ್ರೋಟೀನುಗಳು ನಮ್ಮಲ್ಲಿ ಈ ಬೆರಳನ್ನೇ ನೆಚ್ಚಿಕೊಂಡಿವೆ.

ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಈ ಗುಣವನ್ನು ಬಳಸಿಕೊಳ್ಳುವ ಬಗೆ ಇನ್ನೂ ಚೆನ್ನಾಗಿದೆ. ಅದರ ಒಂದು ವಿಷದ ಪ್ರೋಟೀನಿನ ಬಾಲದಲ್ಲಿ ಕ್ಯಾಲ್ಸಿಯಂ ಹಿಡಿಯುವ ತುಂಡುಗಳು ಸಾಲಾಗಿವೆ. ಬ್ಯಾಕ್ಟೀರಿಯಾದ ಒಳಗೆ ಕ್ಯಾಲ್ಸಿಯಂ ತೀರಾ ಕಡಿಮೆ. ಹಾಗಾಗಿ ಬಾಲ ಸಡಿಲವಾಗಿರುತ್ತದೆ, ಕಿರಿದಾದ ಕೊಳವೆಯಲ್ಲಿ ಸಲೀಸಾಗಿ ನುಸುಳುತ್ತದೆ. ಹೊರಗೆ ಕ್ಯಾಲ್ಸಿಯಂ ಸಾವಿರ ಪಟ್ಟಿಗೂ ಹೆಚ್ಚು. ಬಾಲ ಹೊರಗೆ ಬಂದದ್ದೇ ತಡ, ಕ್ಯಾಲ್ಸಿಯಂ ಹಿಡಿದು ಮಡಿಚಿಕೊಳ್ಳುತ್ತದೆ, ಮತ್ತೆ ಒಳಗೆ ಜಾರಲಾರದು. ಪ್ರೋಟೀನ್ ಅದೇ. ಒಳಗಿನ ನೀರು ಬೇರೆ, ಹೊರಗಿನ ನೀರು ಬೇರೆ, ಹಾಗಾಗಿ ಆಕಾರ ಬೇರೆ.

ಒಲೆಯ ಮೇಲಿನ ಹಾಲು

ಇದನ್ನು ನೋಡಲು ಪ್ರಯೋಗಾಲಯಕ್ಕೇ ಹೋಗಬೇಕಿಲ್ಲ. ಮೊಟ್ಟೆ ಬೇಯಿಸಿದರೆ ಗಟ್ಟಿಯಾಗುತ್ತದೆ. ಹಾಲು ಕಾಯಿಸಿದರೆ, ಉಕ್ಕಿ ಚೆಲ್ಲಿದರೂ, ಹಾಲು ಹಾಲಾಗಿಯೇ ಇರುತ್ತದೆ. ಎರಡರಲ್ಲೂ ಪ್ರೋಟೀನ್ ಇದೆ ಅಲ್ವಾ? ಈ ವ್ಯತ್ಯಾಸ ಯಾಕೆ?

ಮೊಟ್ಟೆಯ ಬಿಳಿಭಾಗದ ಪ್ರೋಟೀನಿಗೆ ಗೊತ್ತಾದ ಆಕಾರ ಇದೆ. ಬಿಸಿಗೆ ಅದು ಬಿಚ್ಚಿಕೊಂಡು ಒಂದಕ್ಕೊಂದು ಸಿಕ್ಕುಬೀಳುತ್ತದೆ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್. ಕೇಸಿನ್ ಸಡಿಲ ಜಾತಿಯದು. ಬಿಚ್ಚಿಕೊಳ್ಳಲು ಅದಕ್ಕೆ ಮಡಿಕೆಯೇ ಇಲ್ಲ. ಬಿಸಿ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ.

ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಷ್ಟು ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಬರೀ ನೀರಿಗೆ ಹಾಕಿದರೆ ಕಲ್ಲಿನಂತೆ ಕೆಳಗೆ ಕೂರುತ್ತದೆ. ಕೆಚ್ಚಲೊಳಗೆ ಕಲ್ಲಾಗದಂತೆ ನೋಡಿಕೊಳ್ಳುವುದು ಕೇಸಿನ್. ಅದರ ಸರದಲ್ಲಿ ಫಾಸ್ಫೇಟ್ ಅಂಟಿದ ಮಣಿಗಳ ಗೊಂಚಲುಗಳಿವೆ. ಆ ಗೊಂಚಲುಗಳು ಕ್ಯಾಲ್ಸಿಯಂ ಫಾಸ್ಫೇಟಿನ ಸಣ್ಣ ಸಣ್ಣ ಕಣಗಳನ್ನು ಸುತ್ತುವರಿಯುತ್ತವೆ. ಸಾವಿರಾರು ಕೇಸಿನ್ ಸರಗಳು ಸೇರಿ ಒಂದು ಉಂಡೆಯಾಗುತ್ತವೆ. ಹಾಲು ಬೆಳ್ಳಗೆ ಕಾಣಲು ಮುಖ್ಯ ಕಾರಣ ಬೆಳಕನ್ನು ಚದುರಿಸುವ ಈ ಉಂಡೆಗಳೇ.

ಈಗ ನಿಂಬೆರಸ ಹಿಂಡಿ. ಹುಳಿಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ಹೊರಬರುತ್ತದೆ. ಜೊತೆಗೆ ಕೇಸಿನ್‌ನ ಋಣ ಆವೇಶವೂ ಇಳಿಯುತ್ತದೆ. ಪಿಎಚ್ 4.6ರ ಹತ್ತಿರ ತಳ್ಳಾಟ ನಿಂತು ಸರಗಳು ಒಂದಕ್ಕೊಂದು ಅಂಟುತ್ತವೆ. ಹಾಲು ಒಡೆಯಿತು ಅನ್ನುತ್ತೇವೆ. ಹೆಪ್ಪು ಹಾಕಿದಾಗಲೂ ನಡೆಯುವುದು ಇದೇ, ನಿಧಾನವಾಗಿ. ಚೀಸ್ ಮಾಡುವವರದು ಬೇರೆ ದಾರಿ. ಅವರು ಕಿಣ್ವ ಹಾಕಿ ಉಂಡೆಯ ಹೊರಗಿನ ಕೂದಲಿನಂಥ ಪದರ ಕತ್ತರಿಸುತ್ತಾರೆ. ಕಾಯಿಸಿದ ಹಾಲಾದರೆ ಗಟ್ಟಿಯಾಗಲೆಂದು ಒಂದು ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡನ್ನೂ ಸೇರಿಸುತ್ತಾರೆ. ಅಂದರೆ ಅದೇ ಕ್ಯಾಲ್ಸಿಯಂ, ಒಂದು ಕಡೆ ಕೇಸಿನನ್ನು ತೇಲಿಸಿಡುವ ಉಂಡೆಗೆ ಆಧಾರ, ಇನ್ನೊಂದು ಕಡೆ ಹೆಪ್ಪುಗಟ್ಟಿಸುವ ಅಂಟು.

ಮೆದುಳಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಈ ತರಹದ ವ್ಯವಹಾರ. ಅಲ್ಲಿ ಒಡೆದರೆ ಮಾತ್ರ ಪನೀರ್ ಆಗುವುದಿಲ್ಲ.

ಆರು, ಹದಿಮೂರು, ಹದಿನಾಲ್ಕು

ಆಲ್ಝೈಮರ್‌ನಲ್ಲಿ ನರಕೋಶಗಳ ಹೊರಗೆ ಗಂಟುಕಟ್ಟುವ ಪ್ರೋಟೀನ್ ಅಮೈಲಾಯ್ಡ್ ಬೀಟಾ. ಸಾಮಾನ್ಯವಾಗಿ 40 ಅಥವಾ 42 ಮಣಿಗಳ ಪುಟ್ಟ ಸರ, ನೀರಿನಲ್ಲಿ ಸಡಿಲ. ಒಳಗೆ ಗಂಟಾಗುವ ಟೌ ಕೂಡ ಸಡಿಲ ಜಾತಿ. ಪಾರ್ಕಿನ್ಸನ್‌ನ ಆಲ್ಫಾ ಸಿನ್ಯೂಕ್ಲೀನ್, 140 ಮಣಿಗಳದ್ದು, ಅದೂ ಸಡಿಲವೇ. ಕಾಯಿಲೆಯಲ್ಲಿ ಇವು ಆಕಾರ ಪಡೆಯುತ್ತವೆ. ಆದರೆ ಬೇಡದ ಆಕಾರ: ಒಂದರ ಮೇಲೊಂದು ಅಡುಕಿಕೊಂಡ ಗಟ್ಟಿ ನಾರು.

ಅಮೈಲಾಯ್ಡ್ ಬೀಟಾದ 6, 13 ಮತ್ತು 14ನೇ ಮಣಿಗಳು ಹಿಸ್ಟಿಡಿನ್. ತಾಮ್ರ ಮತ್ತು ಸತು ಬಂದು ಕೂರುವ ಮುಖ್ಯ ಜಾಗಗಳು ಇವೇ. 1994ರಲ್ಲಿ ಆಶ್ಲೀ ಬುಷ್ ಮತ್ತು ಸಹೋದ್ಯೋಗಿಗಳು ಸತು ಹಾಕಿದ ಕೂಡಲೇ ಅಮೈಲಾಯ್ಡ್ ಬೀಟಾ ಗಂಟಾಗುವುದನ್ನು ತೋರಿಸಿದರು. 1998ರಲ್ಲಿ ರೋಗಿಗಳ ಮೆದುಳಿನ ಅಮೈಲಾಯ್ಡ್ ಗಂಟುಗಳಲ್ಲಿ ತಾಮ್ರ, ಸತು, ಕಬ್ಬಿಣ ಮೂರೂ ಜಾಸ್ತಿ ಇರುವುದು ಕಂಡಿತು.

ಇಲ್ಲೊಂದು ಸೋಜಿಗ ಇದೆ. ಇಲಿಗಳಿಗೆ ವಯಸ್ಸಾದರೂ ಈ ಗಂಟುಗಳು ಬರುವುದಿಲ್ಲ. ಅವುಗಳ ಅಮೈಲಾಯ್ಡ್ ಬೀಟಾಕ್ಕೂ ನಮ್ಮದಕ್ಕೂ ಇರುವ ವ್ಯತ್ಯಾಸ ಮೂರೇ ಮಣಿ. ಆ ಮೂರರಲ್ಲಿ ಒಂದು 13ನೆಯದು. ನಮ್ಮಲ್ಲಿ ಹಿಸ್ಟಿಡಿನ್ ಇರುವ ಕಡೆ ಅವಕ್ಕೆ ಆರ್ಜಿನಿನ್ ಇದೆ. ಲೋಹ ಸರಿಯಾಗಿ ಕೂರುವುದಿಲ್ಲ. ಇದೊಂದೇ ಕಾರಣ ಅಂತ ಹೇಳಲಾಗದು. ಆದರೆ ಲೋಹದ ಪಾತ್ರ ಇದೆ ಎನ್ನುವವರು ಮೊದಲು ತೋರಿಸುವ ಸಾಕ್ಷಿ ಇದು. ಔಷಧಿ ಪರೀಕ್ಷಿಸುವ ಇಲಿಗಳಿಗೆ ಮನುಷ್ಯರ ಜೀನ್ ಸೇರಿಸಿರುತ್ತಾರೆ. ಯಾಕೆಂದು ಈಗ ಗೊತ್ತಾಯ್ತಲ್ಲ.

ಕಳ್ಳನೋ, ಕಳುವಾದ ಮಾಲೋ?

ಒಂದು ಪಕ್ಷದ ವಾದ ನೇರ. ಲೋಹ ಗಂಟು ಕಟ್ಟಿಸುತ್ತದೆ. ತಾಮ್ರ, ಕಬ್ಬಿಣಗಳು ಎಲೆಕ್ಟ್ರಾನ್ ಕೊಟ್ಟು ತಗೊಳ್ಳುತ್ತಾ ಕೋಶಗಳನ್ನು ಸುಡುವ ರಾಸಾಯನಿಕಗಳನ್ನೂ ಹುಟ್ಟಿಸುತ್ತವೆ. ಹಾಗಾಗಿ ಲೋಹ ತೆಗೆದರೆ ಕಾಯಿಲೆ ತಗ್ಗಬೇಕು.

ಎರಡನೇ ಪಕ್ಷ ಹೇಳುವುದು ತಿರುಗಾಮುರುಗಾ. ಗಂಟು ಮೊದಲು ಆಗುತ್ತದೆ, ಲೋಹ ಆಮೇಲೆ ಅದಕ್ಕೆ ಅಂಟುತ್ತದೆ. ಸಿಂಕಿನಲ್ಲಿ ಕಟ್ಟಿಕೊಂಡ ಕಸಕ್ಕೆ ಎಲ್ಲವೂ ಸಿಕ್ಕಿಕೊಳ್ಳುವ ಹಾಗೆ. ಅಪಾಯ ಇರುವುದು ಗಂಟಿನಲ್ಲಿ ಲೋಹ ಹೆಚ್ಚಾಗಿರುವುದರಲ್ಲಿ ಅಲ್ಲ, ಅದರ ಹೊರಗೆ ಕೆಲಸಕ್ಕೆ ಬೇಕಾದ ಕಡೆ ಕಡಿಮೆಯಾಗುವುದರಲ್ಲಿ. ಹಾರ್ವರ್ಡ್ ತಂಡದ ಲಿಥಿಯಂ ಕಥೆ ಈ ಸಾಲಿಗೆ ಸೇರುತ್ತದೆ. ಅಮೈಲಾಯ್ಡ್ ಗಂಟು ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಳಿದ ಮೆದುಳಿಗೆ ಅದು ಸಾಲುವುದಿಲ್ಲ. ಲಿಥಿಯಂ ಇಳಿದರೆ ಜಿಎಸ್‌ಕೆ–3 ಬೀಟಾ ಎಂಬ ಕಿಣ್ವ ಚುರುಕಾಗುತ್ತದೆ. ಅದು ಟೌ ಮೇಲೆ ಫಾಸ್ಫೇಟುಗಳನ್ನು ಅಂಟಿಸುತ್ತದೆ. ಫಾಸ್ಫೇಟ್ ಅಂದರೆ ಋಣ ಆವೇಶ. ಟೌ ನರಕೋಶದೊಳಗೆ ತಾನು ಹಿಡಿದುಕೊಂಡಿದ್ದ ಆಧಾರದ ಕಂಬ ಬಿಟ್ಟು ಗಂಟಾಗುವ ಕಡೆ ವಾಲುತ್ತದೆ. ಒಂದು ಸಡಿಲ ಪ್ರೋಟೀನ್ ಕೆಟ್ಟದ್ದು ಲೋಹದ ಮೂಲಕ ಇನ್ನೊಂದನ್ನೂ ಕೆಡಿಸಿತು ಅನ್ನೋ ಲೆಕ್ಕ.

ಇವೆರಡರ ನಡುವೆ ಇನ್ನೊಂದು ತೊಡಕು. ಸತು ಪ್ರೋಟೀನಿಗಿಂತ ತುಂಬ ಕಡಿಮೆ ಪ್ರಮಾಣದಲ್ಲಿದ್ದರೆ ಅಮೈಲಾಯ್ಡ್ ನಾರು ಬೆಳೆಯುವುದು ನಿಧಾನವಾಗುತ್ತದೆ ಎಂದು 2015ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಜಾಸ್ತಿಯಾದರೆ ಗಂಟು, ಅದೂ ಹಲವು ಸಲ ನಾರಿಲ್ಲದ ಮುದ್ದೆ. ಅದೇ ಲೋಹ, ಅದೇ ಪ್ರೋಟೀನ್. ಪ್ರಮಾಣ ಬದಲಾದರೆ ಫಲಿತಾಂಶ ತಲೆಕೆಳಗು.

ಪ್ರಯೋಗಗಳೂ ಸುಲಭವಿಲ್ಲ. ಸಡಿಲ ಪ್ರೋಟೀನ್ ನೋಡಲು ಇರುವ ಒಳ್ಳೆಯ ಸಾಧನ ಎನ್‌ಎಂಆರ್, ಅಂದರೆ ಕಾಂತಕ್ಷೇತ್ರದಲ್ಲಿಟ್ಟ ಪರಮಾಣುಗಳ ಸಂಕೇತ ಓದುವ ವಿಧಾನ. ತಾಮ್ರ ಕೂತ ಜಾಗದ ಸುತ್ತ ಎನ್‌ಎಂಆರ್ ಸಂಕೇತವೇ ಅಳಿಸಿಹೋಗುತ್ತದೆ. ನೋಡಬೇಕಾದ ಜಾಗದಲ್ಲೇ ಕತ್ತಲೆ. ಪ್ರಯೋಗದ ದ್ರಾವಣದಲ್ಲಿರುವ ಫಾಸ್ಫೇಟ್ ತಾನೇ ಲೋಹ ಹಿಡಿದುಬಿಡುತ್ತದೆ. ಒಂದು ಲ್ಯಾಬಿನ ಫಲಿತಾಂಶ ಇನ್ನೊಂದರಲ್ಲಿ ಬರದೇ ಹೋಗಲು ಇಂಥ ಸಣ್ಣ ಸಂಗತಿಗಳೇ ಸಾಕು.

ಲೋಹ ತೆಗೆದು ನೋಡಿದ್ದೂ ಆಯಿತು

ಮೊದಲ ಪಕ್ಷದ ವಾದವನ್ನು ಮನುಷ್ಯರಲ್ಲಿ ಪರೀಕ್ಷಿಸಿದ್ದಾರೆ. ಮೆಲ್ಬರ್ನ್‌ನ ಪ್ರಾನಾ ಕಂಪನಿ ತಾಮ್ರ, ಸತುವನ್ನು ಗಂಟಿನಿಂದ ಬಿಡಿಸುವ ಪಿಬಿಟಿ2 ಎಂಬ ಔಷಧಿ ಮಾಡಿತು. 2014ರಲ್ಲಿ ಬಂದ ಫಲಿತಾಂಶದಲ್ಲಿ ಮೆದುಳಿನ ಅಮೈಲಾಯ್ಡ್ ನಿರೀಕ್ಷಿಸಿದಷ್ಟು ಇಳಿಯಲಿಲ್ಲ.

ಪಾರ್ಕಿನ್ಸನ್‌ನ ಪ್ರಯೋಗದ ಫಲಿತಾಂಶ ಇನ್ನೂ ಕಹಿ. ಈ ಕಾಯಿಲೆಯಲ್ಲಿ ಮೆದುಳಿನ ಒಂದು ಭಾಗದಲ್ಲಿ ಕಬ್ಬಿಣ ಸೇರಿಕೊಳ್ಳುತ್ತದೆ. ಕಬ್ಬಿಣವನ್ನು ಹಿಡಿದು ಹೊರಹಾಕುವ ಡೆಫೆರಿಪ್ರೋನ್ ಔಷಧಿಯನ್ನು ಆಗಷ್ಟೇ ಕಾಯಿಲೆ ಪತ್ತೆಯಾದ, ಪಾರ್ಕಿನ್ಸನ್ ಔಷಧಿಯನ್ನಿನ್ನೂ ಶುರುಮಾಡದ 372 ಜನರ ಮೇಲೆ 36 ವಾರ ಪರೀಕ್ಷಿಸಿದರು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. 2022ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಕಬ್ಬಿಣ ಇಳಿದಿತ್ತು. ಆದರೆ ಔಷಧಿ ತೆಗೆದುಕೊಂಡವರ ಲಕ್ಷಣಗಳೇ ಹೆಚ್ಚು ಹದಗೆಟ್ಟಿದ್ದವು.

ಯಾಕೆ ಹೀಗಾಯಿತು? ಪಾರ್ಕಿನ್ಸನ್‌ನಲ್ಲಿ ಮೆದುಳಿಗೆ ಕಡಿಮೆಬೀಳುವ ರಾಸಾಯನಿಕ ಡೋಪಮೈನ್. ಅದನ್ನು ತಯಾರಿಸುವ ಕಿಣ್ವಕ್ಕೂ ಕಬ್ಬಿಣ ಬೇಕು. ಗಂಟಿನ ಕಬ್ಬಿಣ ಯಾವುದು, ಕಿಣ್ವದ ಕಬ್ಬಿಣ ಯಾವುದು ಅಂತ ಔಷಧಿಗೆ ಗೊತ್ತಾಗುವುದಿಲ್ಲ. ಸಂಶೋಧಕರು ಕೊಡುವ ವಿವರಣೆಗಳಲ್ಲಿ ಇದು ಮುಖ್ಯವಾದದ್ದು. 'ಲೋಹ ಕೆಟ್ಟದ್ದು, ತೆಗೆದುಬಿಡಿ' ಎಂಬ ಸರಳ ಲೆಕ್ಕ ಇಲ್ಲಿಗೆ ಮುಗಿಯಿತು ಅಂತಲೇ ನನಗೆ ಅನ್ನಿಸುತ್ತದೆ.

ಹಾಗಾದರೆ ಮನೆಯ ಪಾತ್ರೆಗಳು?

ಅಲ್ಯೂಮಿನಿಯಂ ಭಯ ಹುಟ್ಟಿದ್ದು 1965ರಲ್ಲಿ. ಮೊಲಗಳ ಮೆದುಳಿಗೆ ಅಲ್ಯೂಮಿನಿಯಂ ಲವಣ ಚುಚ್ಚಿದಾಗ ಗಂಟುಗಳು ಕಂಡವು. ಆಮೇಲೆ ನೋಡಿದರೆ ಆ ಗಂಟುಗಳ ರಚನೆಯೇ ಆಲ್ಝೈಮರ್ ಗಂಟಿಗಿಂತ ಬೇರೆ. 1970ರ ದಶಕದಲ್ಲಿ ಡಯಾಲಿಸಿಸ್ ನೀರಿನ ಅಲ್ಯೂಮಿನಿಯಂನಿಂದ ಮೂತ್ರಪಿಂಡದ ರೋಗಿಗಳ ಮೆದುಳು ಕೆಟ್ಟದ್ದು ನಿಜ. ಅಲ್ಲಿ ಲೋಹ ನೇರವಾಗಿ ರಕ್ತಕ್ಕೆ ಸೇರಿತ್ತು. ಊಟದಲ್ಲಿ ಹೋಗುವ ಅಲ್ಯೂಮಿನಿಯಂನಲ್ಲಿ ನೂರಕ್ಕೆ ಒಂದು ಪಾಲೂ ಕರುಳು ದಾಟುವುದಿಲ್ಲ. ಹುಣಸೆಹುಳಿ ಸಾರನ್ನು ಆ ಪಾತ್ರೆಯಲ್ಲಿ ರಾತ್ರಿಯಿಡೀ ಇಡದಿರುವುದು ಜಾಣತನ. ಪಾತ್ರೆಯನ್ನೇ ಬಿಸಾಕಲು ಇದು ಸಾಲದು.

ತಾಮ್ರದ ಚೊಂಬಿನ ಬಗ್ಗೆ ಬೆಂಗಳೂರಿನಲ್ಲೇ ಅಳೆದ ಲೆಕ್ಕ ಇದೆ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಸತ್ತಿದ್ದವು. ನೀರಿಗೆ ಬಿಟ್ಟುಕೊಂಡ ತಾಮ್ರ ಲೀಟರಿಗೆ 0.2 ಮಿಲಿಗ್ರಾಂ ಒಳಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಂ. ಹಾಗಾಗಿ ನೀರು ಕುಡಿಯಲು ಭಯ ಬೇಡ. ಆದರೆ ಬ್ಯಾಕ್ಟೀರಿಯಾ ಸಾಯುವುದು ಒಂದು ಮಾತು, ಬುದ್ಧಿ ಚುರುಕಾಗುವುದು ಬೇರೆ ಮಾತು. ಎರಡನೆಯದಕ್ಕೆ ಆ ಅಧ್ಯಯನದಲ್ಲಿ ಆಧಾರ ಇಲ್ಲ. ಮಜ್ಜಿಗೆ, ನಿಂಬೆ ಪಾನಕ ಅದರಲ್ಲಿ ಬೇಡ. ಹುಳಿಗೆ ತಾಮ್ರ ಕಿಲುಬುತ್ತದೆ ಅಂತ ಗೊತ್ತಿದ್ದೇ ಹಿಂದಿನವರು ಅಡುಗೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ವಿಲ್ಸನ್ ಕಾಯಿಲೆ ಇರುವವರ ದೇಹದಿಂದ ತಾಮ್ರ ಸರಿಯಾಗಿ ಹೊರಹೋಗುವುದಿಲ್ಲ, ಅವರಿಗೆ ಚೊಂಬೂ ಬೇಡ. ಮೆಂಕೆಸ್ ಕಾಯಿಲೆಯ ಮಕ್ಕಳಿಗೆ ತಾಮ್ರ ದೇಹಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಎರಡರಲ್ಲೂ ಪೆಟ್ಟು ಬೀಳುವುದು ಮೆದುಳಿಗೆ.

ಇನ್ನು ಲಿಥಿಯಂ. ಮಾನಸಿಕ ಕಾಯಿಲೆಗಳ ಡಾಕ್ಟರುಗಳು ದಶಕಗಳಿಂದ ಕೊಡುತ್ತಿರುವುದು ಲಿಥಿಯಂ ಕಾರ್ಬೊನೇಟ್. ಅದನ್ನು ಕೊಡುವಾಗ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಯಾಕೆಂದರೆ ಸ್ವಲ್ಪ ಜಾಸ್ತಿಯಾದರೂ ವಿಷ, ಥೈರಾಯ್ಡ್ ಮತ್ತು ಮೂತ್ರಪಿಂಡಕ್ಕೂ ತೊಂದರೆ. ಇಲಿಗಳಿಗೆ ಕೊಟ್ಟ ಒರೊಟೇಟ್ ನೀರಿನಲ್ಲಿ ಅಷ್ಟಾಗಿ ಅಯಾನುಗಳಾಗಿ ಒಡೆಯುವುದಿಲ್ಲ, ಹಾಗಾಗಿ ಗಂಟಿಗೆ ಕಡಿಮೆ ಸಿಕ್ಕಿಬೀಳುತ್ತದೆ ಎಂಬುದು ಸಂಶೋಧಕರ ವಿವರಣೆ. ಬಳಸಿದ ಪ್ರಮಾಣವೂ ತೀರಾ ಸಣ್ಣದು. ಮುಂದೆ ಮನುಷ್ಯರ ಮೇಲಿನ ಪ್ರಯೋಗ ಎರಡು ಸಂಗತಿ ತೋರಿಸಬೇಕು: ಇಷ್ಟು ಸಣ್ಣ ಡೋಸು ಗಂಟನ್ನು ತಪ್ಪಿಸಿಕೊಂಡು ನರಕೋಶ ತಲುಪುತ್ತದೆಯೇ, ವರ್ಷಗಟ್ಟಲೆ ಕೊಟ್ಟರೆ ವಯಸ್ಸಾದವರ ಮೂತ್ರಪಿಂಡ ತಾಳುತ್ತದೆಯೇ. ಕೆಲವು ದೇಶಗಳಲ್ಲಿ ಒರೊಟೇಟ್ ಸಪ್ಲಿಮೆಂಟ್ ಆಗಿ ಚೀಟಿ ಇಲ್ಲದೆ ಸಿಗುತ್ತದೆ. ಆ ಡಬ್ಬಿ ಕೊಂಡವರ ಮೇಲೆ ಈ ಎರಡನ್ನೂ ಯಾರೂ ಅಳೆಯುತ್ತಿರುವುದಿಲ್ಲ. ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆಗೆ ಕಾರ್ಬೊನೇಟ್ ತೆಗೆದುಕೊಳ್ಳುತ್ತಿರುವವರು ಸುದ್ದಿ ಓದಿ ತಾವೇ ಒರೊಟೇಟ್‌ಗೆ ಬದಲಾಯಿಸಿಕೊಂಡರೆ ಇನ್ನೂ ಕಷ್ಟ. ಅಷ್ಟು ಸಣ್ಣ ಡೋಸು ಅವರ ಕಾಯಿಲೆಗೆ ಸಾಲದೇ ಹೋಗಬಹುದು, ಕಾರ್ಬೊನೇಟ್ ದಿಢೀರನೆ ನಿಲ್ಲಿಸಿದರೆ ಬೈಪೋಲಾರ್ ಮರುಕಳಿಸುವ ಸಂಭವ ಹೆಚ್ಚು.